ಹೆಸರು ಹೇಳುವ ಮೊದಲು



ಒಂದು ಗಿಡ ನನಗೆ ಗೊತ್ತು ಎಂದು ಹೇಳಬೇಕಾದರೆ ಅದನ್ನು ಎಷ್ಟು ಸಲ ನೋಡಿರಬೇಕು? ನಮ್ಮ ಯುವ ಬಳಗದವರು ಮೊಬೈಲ್ ಹಿಡಿದು ಊರ ಸುತ್ತಿನ ಕಾಡುಹೂಗಳ ಚಿತ್ರ ತೆಗೆದು ಹೆಸರು ಹುಡುಕುವ ಹವ್ಯಾಸ ಬೆಳೆಸಿಕೊಂಡ ಮೇಲೆ ಈ ಪ್ರಶ್ನೆ ಪದೇ ಪದೇ ಬರುತ್ತಿದೆ. ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಏಳುತ್ತದೆ: ಒಬ್ಬ ಮನುಷ್ಯ ನನಗೆ ಗೊತ್ತು ಎಂದು ಹೇಳಬೇಕಾದರೆ ಅವನನ್ನು ಎಷ್ಟು ಸಲ, ಯಾವ ಯಾವ ಕಾಲದಲ್ಲಿ ನೋಡಿರಬೇಕು? ಈ ಎರಡನೆಯ ಪ್ರಶ್ನೆಯೇ ಈ ಬರಹದ ವಿಷಯ. ಅಲ್ಲಿಗೆ ಹೋಗುವ ದಾರಿ ಮಾತ್ರ ಹೂಗಳ ನಡುವೆ ಇದೆ; ಸ್ವಲ್ಪ ದೂರ ಜೊತೆಗೆ ಬನ್ನಿ.

ರಾಯದುರ್ಗದ ಸೀಮೆಯಲ್ಲಿ ಹೂ ಹುಡುಕಲು ಹೊರಟೆವೆಂದರೆ ನಗುವವರೇ ಹೆಚ್ಚು. ಅನಂತಪುರ ಜಿಲ್ಲೆಗೆ ವರ್ಷಕ್ಕೆ ಸರಾಸರಿ 550 ಮಿಲಿಮೀಟರಿನ ಆಸುಪಾಸು ಮಳೆ, ಅದೂ ಬಂದರೆ ಬಂತು. ಮುಂಗಾರು ಪಶ್ಚಿಮ ಘಟ್ಟದಲ್ಲೇ ನೀರನ್ನು ಸುರಿಸಿ ನಮ್ಮ ಕಡೆಗೆ ಬರಿಗೈಯಲ್ಲಿ ಬರುತ್ತದೆ; ಹಿಂಗಾರು ಪೂರ್ವ ಕರಾವಳಿ ದಾಟುವಷ್ಟರಲ್ಲಿ ಸುಸ್ತಾಗಿರುತ್ತದೆ. ಬಾಬಾಬುಡನ್ ಗಿರಿಯ ಕಡೆಯಿಂದ ಬರುವ ವೇದಾವತಿ, ನಮ್ಮ ಬಾಯಲ್ಲಿ ಹಗರಿ, ವರ್ಷದ ಬಹುಭಾಗ ಬರೀ ಮರಳಿನ ಹೊಳೆ. ಗಾಳಿ ಎದ್ದಾಗ ಆ ಮರಳು ಕಣೇಕಲ್ಲು, ಬೊಮ್ಮನಹಾಳ್ ಕಡೆಯ ಹೊಲಗಳ ಮೇಲೆ ದಿಬ್ಬ ದಿಬ್ಬವಾಗಿ ಬಂದು ಕೂರುತ್ತದೆ. ರಾಜಸ್ಥಾನಕ್ಕೆ ಹೋಗದವರಿಗೂ ಮರುಭೂಮಿ ಎಂದರೇನೆಂದು ಅಲ್ಲಿ ತಿಳಿಯುತ್ತದೆ.

ಆದರೂ ಇಲ್ಲಿ ಹೂವಿಲ್ಲದ ಕಾಲವಿಲ್ಲ. ಎಕ್ಕ ವರ್ಷವಿಡೀ ಬಿಡುತ್ತದೆ. ಮೊದಲ ಮಳೆ ಬಿದ್ದ ಕೆಲವು ವಾರಗಳಲ್ಲಿ ನೆಗ್ಗಿಲು ನೆಲಕ್ಕೆ ಅಂಟಿಕೊಂಡು ಐದು ಎಸಳಿನ ಹಳದಿ ಹೂ ಬಿಡುತ್ತದೆ. ಅದರ ಮುಳ್ಳುಕಾಯಿ ನಮ್ಮ ಕಾಲಿಗೆ ಚುಚ್ಚಿದಾಗ ಮಾತ್ರ ನಮಗೆ ಆ ಗಿಡದ ನೆನಪು. ವಿಷ್ಣುಕ್ರಾಂತಿಯ ಸಣ್ಣ ನೀಲಿ ಹೂ ಬೆಳಿಗ್ಗೆ ಅರಳಿ ಮಧ್ಯಾಹ್ನ ಕಳೆಯುವಷ್ಟರಲ್ಲಿ ಮುದುಡುತ್ತದೆ. ಮಳೆ ಹಿಡಿದ ಮೇಲೆ ತುಂಬೆ, ಹೊಲದ ಬದುವಿನಲ್ಲಿ ಅಣ್ಣೆ ಸೊಪ್ಪು, ದಸರೆಯ ಹೊತ್ತಿಗೆ ತಂಗಡಿ. ತೆಲುಗಿನ ನೆರೆಯವರು ಅಣ್ಣೆಯನ್ನು ಗುರುಗು ಎನ್ನುತ್ತಾರೆ, ತಂಗಡಿಯನ್ನು ತಂಗೇಡು ಎನ್ನುತ್ತಾರೆ. ಎರಡು ಭಾಷೆಯ ಧರ್ಮಕ್ಷೇತ್ರದಲ್ಲಿ ಒಂದು ಗಿಡಕ್ಕೆ ಎರಡು ಹೆಸರಿರುವುದು ನಮಗೆ ಹೊಸದೇನಲ್ಲ.

ಈ ಹೂಗಳ ಚಿತ್ರ ತೆಗೆಯುವುದು ಸುಲಭ. ಗುರುತಿಸುವುದು ಕಷ್ಟ. ಮೊಬೈಲ್‌ನ ಆ್ಯಪ್ ಹೂವನ್ನು ನೋಡಿದ ಕ್ಷಣದಲ್ಲೇ ಒಂದು ಹೆಸರು ಹೇಳಿಬಿಡುತ್ತದೆ. ಆದರೆ ನಮ್ಮ ಬಯಲಿನಲ್ಲಿ ಹಳದಿ ಹೂವಿನ ಗಿಡಗಳೇ ಎಷ್ಟಿವೆ! ಶ್ರೀಮುದ್ರೆಯ ಹೂವೂ ಬಲಾ ಜಾತಿಯ ಗಿಡಗಳ ಹೂವೂ ಚಿತ್ರದಲ್ಲಿ ಅಣ್ಣ ತಮ್ಮಂದಿರ ಹಾಗೆ ಕಾಣುತ್ತವೆ. ಕಾಯಿ ಬರುವವರೆಗೆ ಕಾದರೆ ಗೊಂದಲವಿಲ್ಲ; ಶ್ರೀಮುದ್ರೆಯ ಕಾಯಿ ಮುದ್ರೆಯೊತ್ತುವ ಅಚ್ಚಿನಂತೆ ಚಕ್ರಾಕಾರವಾಗಿರುತ್ತದೆ, ಅದರಿಂದಲೇ ಆ ಹೆಸರು. ಒಣಗಿದ ಕಾಯಿಯನ್ನು ಅಲುಗಿಸಿದರೆ ಗಿಲಿಗಿಲಿ ಎನ್ನುವ ಗಿಡ ಹೂವಿನಲ್ಲಿ ಅವರೆ, ತೊಗರಿಗಳ ಬಳಗದಂತೆ ಕಾಣುತ್ತದೆ. ಸದ್ದು ಕೇಳಲು ಬೇಸಿಗೆಯೇ ಬರಬೇಕು. ಅಣ್ಣೆಯ ತೆನೆ ಮೊದಲು ಗುಲಾಬಿ, ಬಲಿತಂತೆ ಬೆಳ್ಳಿಯ ಬಿಳುಪು. ಎರಡು ತಿಂಗಳ ಅಂತರದಲ್ಲಿ ತೆಗೆದ ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟರೆ ಹೊಸಬರು ಎರಡು ಗಿಡ ಎಂದೇ ಹೇಳುತ್ತಾರೆ.

ಎಲ್ಲಕ್ಕಿಂತ ದೊಡ್ಡ ಪಾಠ ಕಾಡು ಈರುಳ್ಳಿಯದು. ಕಲ್ಲುಗುಡ್ಡದ ಮಣ್ಣಿನಲ್ಲಿ ಗಡ್ಡೆಯಾಗಿ ಅಡಗಿರುವ ಈ ಗಿಡ ಸುಡುವ ಬೇಸಿಗೆಯಲ್ಲಿ ಎಲೆಯೇ ಇಲ್ಲದ ಉದ್ದನೆಯ ಕಡ್ಡಿಯೊಂದನ್ನು ನೆಟ್ಟಗೆ ಎತ್ತುತ್ತದೆ. ಅದರ ತುಂಬ ಸಣ್ಣ ಗಂಟೆಯಂಥ ಮಾಸಲು ಹೂಗಳು. ಹೂವಿನ ಕಾಲ ಮುಗಿದು ಮಳೆ ಬಂದ ಮೇಲೆ ಅದೇ ಗಡ್ಡೆಯಿಂದ ಹಸಿರು ಪಟ್ಟಿಯಂಥ ಎಲೆಗಳು ಬರುತ್ತವೆ. ಹೂವನ್ನು ನೋಡಿದವನು ಎಲೆಯನ್ನು ನೋಡಿರುವುದಿಲ್ಲ, ಎಲೆಯನ್ನು ನೋಡಿದವನು ಹೂವನ್ನು ನೋಡಿರುವುದಿಲ್ಲ. ಏಪ್ರಿಲ್‌ನ ಚಿತ್ರ ಒಂದು ಸುಳ್ಳಲ್ಲ, ಜುಲೈನ ಚಿತ್ರವೂ ಸುಳ್ಳಲ್ಲ. ಅವುಗಳಲ್ಲಿ ಒಂದನ್ನೇ ಹಿಡಿದು ‘ಈ ಗಿಡ ಇಷ್ಟೇ’ ಎಂದರೆ ಮಾತ್ರ ಸುಳ್ಳಾಗುತ್ತದೆ.

ಬರೀ ನೆಲದ ಚಿತ್ರಕ್ಕೂ ಈ ಮಾತು ಸಲ್ಲುತ್ತದೆ. ಮೇ ತಿಂಗಳಲ್ಲಿ ನಮ್ಮ ಮರಳು ದಿಬ್ಬವನ್ನು ನೋಡಿದವರು ‘ಇಲ್ಲಿ ಏನೂ ಇಲ್ಲ’ ಎನ್ನುತ್ತಾರೆ. 1940 ಮತ್ತು 1950ರ ದಶಕಗಳಲ್ಲಿ ಫ್ರಿಟ್ಸ್ ವೆಂಟ್ ಎಂಬ ಸಸ್ಯವಿಜ್ಞಾನಿ ಅಮೆರಿಕದ ಕ್ಯಾಲಿಫೋರ್ನಿಯಾದ ಮರುಭೂಮಿಯ ಹೂಗಿಡಗಳನ್ನು ಅಭ್ಯಾಸ ಮಾಡಿದರು. ಅಲ್ಲಿನ ಅನೇಕ ಬೀಜಗಳು ಮಣ್ಣು ಕೆಳಗಿನಿಂದ ತೇವವಾದರೆ ಮೊಳೆಯುವುದಿಲ್ಲ, ಮೇಲಿನಿಂದ ನಾಲ್ಕು ಹನಿ ಬಿದ್ದರೂ ಮೊಳೆಯುವುದಿಲ್ಲ. ಸಾಕಷ್ಟು ಮಳೆ ಸುರಿದು, ಮೊಳಕೆಯನ್ನು ತಡೆಯುವ ವಸ್ತು ತೊಳೆದು ಹೋದ ಮೇಲಷ್ಟೇ ಮೊಳೆಯುತ್ತವೆ ಎಂದು ಅವರು ಕಂಡರು. ಮರುಭೂಮಿಯ ಗಿಡಗಳ ಎಲ್ಲ ಬೀಜಗಳೂ ಒಂದೇ ವರ್ಷ ಮೊಳೆಯುವುದೂ ಇಲ್ಲ. ಕೆಲವು ಮಣ್ಣಿನಲ್ಲೇ ಉಳಿದು ಮುಂದಿನ ಒಳ್ಳೆಯ ಮಳೆಗೆ ಕಾಯುತ್ತವೆ. ನಾವು ಬರಡು ಎಂದು ಕರೆದ ನೆಲದೊಳಗೆ ಎಷ್ಟೋ ಜೀವ ಕಾದು ಕುಳಿತಿರುತ್ತದೆ.

ಹಾಗಾಗಿ ಬಲ್ಲವರು ಹೆಸರಿಡುವ ಕೆಲಸದಲ್ಲಿ ತುಂಬ ಎಚ್ಚರ ವಹಿಸುತ್ತಾರೆ. ಒಣಗಿಸಿದ ಮಾದರಿಯ ಹಾಳೆಯ ಮೇಲೆ ಊರು, ದಿನಾಂಕ, ಮಣ್ಣು, ಹೂವಿನ ಬಣ್ಣ ಎಲ್ಲವನ್ನೂ ಬರೆಯುತ್ತಾರೆ. ಗಿಡ ಯಾವ ಕಾಲದಲ್ಲಿ ಹೀಗಿತ್ತು ಎಂಬುದು ಗಿಡದಷ್ಟೇ ಮುಖ್ಯ. ಗ್ಯಾಂಬಲ್ ಎಂಬ ವಿದ್ವಾಂಸರು ಹಳೆಯ ಮದ್ರಾಸ್ ಪ್ರಾಂತ್ಯದ ಗಿಡಗಳ ಗ್ರಂಥವನ್ನು 1915ರಿಂದ ಕಂತುಗಳಲ್ಲಿ ಪ್ರಕಟಿಸತೊಡಗಿದರು. ಅವರು ತೀರಿಕೊಂಡ ಮೇಲೆ ಫಿಷರ್ ಎಂಬವರು ಮುಂದುವರಿಸಿ 1936ರಲ್ಲಿ ಮುಗಿಸಿದರು. ನಮ್ಮ ಬಳ್ಳಾರಿ, ಅನಂತಪುರದ ಗಿಡಗಳೂ ಅದರಲ್ಲಿವೆ. ಇಂದಿಗೂ ಗುಂಪಾಗಿ ಗಿಡ ಗುರುತಿಸುವ ಐನ್ಯಾಚುರಲಿಸ್ಟ್‌ನಂಥ ತಾಣಗಳಲ್ಲಿ ಒಂದು ಒಳ್ಳೆಯ ಪದ್ಧತಿ ಇದೆ. ಚಿತ್ರದಿಂದ ಗಿಡದ ಕುಟುಂಬ ಮಾತ್ರ ತಿಳಿದರೆ ಕುಟುಂಬದ ಹೆಸರಿಗೇ ನಿಲ್ಲಿಸಬಹುದು. ನೋಡಿದಷ್ಟನ್ನೇ ಹೇಳುವುದಕ್ಕೆ ಅಲ್ಲಿ ಅವಮಾನವಿಲ್ಲ.

ಇನ್ನು ಮನುಷ್ಯರ ವಿಷಯ. ಶಾಲೆಯ ಕನ್ನಡ ವ್ಯಾಕರಣದಲ್ಲಿ ನಾಮಪದಗಳನ್ನು ಮೂರು ಬಗೆಯಾಗಿ ಕಲಿತದ್ದು ನೆನಪಿರಬಹುದು. ನದಿ, ಬೆಟ್ಟ, ಹುಡುಗ ಎಂಬವು ರೂಢನಾಮ. ನಾವು ಗುರುತಿಗಾಗಿ ಇಟ್ಟುಕೊಂಡ ಹೆಸರು ಅಂಕಿತನಾಮ. ಗುಣ, ವೃತ್ತಿ, ಅಂಗದ ಕೊರತೆಯನ್ನು ನೋಡಿ ಕರೆಯುವ ಹೆಸರು ಅನ್ವರ್ಥನಾಮ: ಜಾಣ, ವ್ಯಾಪಾರಿ, ಕುಂಟ. ನಮ್ಮ ಊರುಗಳಲ್ಲಿ ಹೆಚ್ಚು ಬಳಕೆಯಾಗುವುದು ಈ ಮೂರನೆಯದು. ಕುಡುಕ, ಸೋಮಾರಿ, ಬಾಯಿಬಡುಕಿ, ಚರ್ಚಿಗೆ ಬಾರದವನು. ಯಾವುದೋ ಒಂದು ಕಾಲದಲ್ಲಿ, ಯಾವುದೋ ಒಂದು ಸಂಜೆ ಕಂಡದ್ದನ್ನು ಹೆಸರು ಮಾಡಿ ಹಣೆಗೆ ಅಂಟಿಸಿಬಿಡುತ್ತೇವೆ. ಮೊದಲು ಅದು ಕಟ್ಟೆಯ ಮೇಲಿನ ಮಾತಾಗಿತ್ತು, ಕಾಲ ಕಳೆದಂತೆ ಮರೆಯುತ್ತಿತ್ತು. ಈಗ ಒಬ್ಬ ಹುಡುಗ ಅಥವಾ ಹುಡುಗಿ ಎಲ್ಲೋ ನಿಂತ ಒಂದು ಫೋಟೋ ವಾಟ್ಸ್ಆ್ಯಪ್‌ನಲ್ಲಿ ಊರೆಲ್ಲ ಸುತ್ತಿ, ನಾಲ್ಕು ವರ್ಷದ ಮೇಲೆ ಮದುವೆಯ ಮಾತುಕತೆಯ ಹೊತ್ತಿಗೆ ಮತ್ತೆ ಎದ್ದು ಬರುತ್ತದೆ.

ಯುವ ಸಂಚಾಲನೆಯ ಜವಾಬ್ದಾರಿ ಹೊತ್ತಿರುವುದರಿಂದ ನನ್ನ ಕೈಯಲ್ಲಿ ಒಂದು ಹಾಜರಿ ಪುಸ್ತಕವಿದೆ. ವರ್ಷದ ಕೊನೆಗೆ ಸದಸ್ಯರಲ್ಲಿ ಯಾರು ‘ಸಕ್ರಿಯ’, ಯಾರು ‘ನಿಷ್ಕ್ರಿಯ’ ಎಂದು ಪಟ್ಟಿ ಮಾಡಬೇಕಾಗುತ್ತದೆ. ನಮ್ಮ ಮನೆಗಳ ಕಥೆ ನಿಮಗೆ ಗೊತ್ತೇ ಇದೆ. ಶೇಂಗಾ ಕೈಕೊಟ್ಟ ವರ್ಷ ಸುಗ್ಗಿ ಮುಗಿಯುತ್ತಲೇ ಎಷ್ಟೋ ಯುವಕರು ಬಳ್ಳಾರಿಗೋ ಬೆಂಗಳೂರಿಗೋ ಕೆಲಸಕ್ಕೆ ಹೋಗುತ್ತಾರೆ, ಮಳೆಗೆ ವಾಪಸ್ಸಾಗುತ್ತಾರೆ. ತಪಸ್ಸು ಕಾಲದ ಶಿಲುಬೆ ಹಾದಿಗೆ ಅವರಿಲ್ಲ. ಯುವ ದಿನಾಚರಣೆಗೆ ಅವರಿಲ್ಲ. ಜನವರಿಯಿಂದ ಮೇ ತಿಂಗಳ ಹಾಜರಿ ನೋಡಿದವರಿಗೆ ಅವರು ನಿಷ್ಕ್ರಿಯರು. ಅಲ್ಲಿ ಅವರು ಭಾನುವಾರ ಯಾವುದೋ ಗುಡಿಯ ಹಿಂದಿನ ಸಾಲಿನಲ್ಲಿ, ಅರ್ಥವಾಗದ ಭಾಷೆಯ ಬಲಿಪೂಜೆಗೆ ನಿಂತಿರಬಹುದು, ನಿಲ್ಲದೆಯೂ ಇರಬಹುದು. ಹಾಜರಿ ಪುಸ್ತಕಕ್ಕೆ ಅದು ಕಾಣುವುದಿಲ್ಲ. ಅವರು ಎಲೆ ಬಿಡುವ ಕಾಲದಲ್ಲಿ ನಾವು ಅಲ್ಲಿಲ್ಲ.

ಇಲ್ಲಿ ಯೇಸುಸ್ವಾಮಿಯ ಕಳೆಗಳ ಸಾಮತಿ ನೆನಪಾಗುತ್ತದೆ. ಮತ್ತಾಯನ ಶುಭಸಂದೇಶದ 13ನೆಯ ಅಧ್ಯಾಯದ ಈ ಸಾಮತಿಯನ್ನು ಮೂರು ವರ್ಷಕ್ಕೊಮ್ಮೆ ಜುಲೈ ತಿಂಗಳಲ್ಲಿ ಓದುತ್ತೇವೆ. ನಮ್ಮ ಶೇಂಗಾ ಹೊಲಗಳಲ್ಲಿ ಕಳೆ ಕೀಳುವ ದಿನಗಳು ಸಾಮಾನ್ಯವಾಗಿ ಅವೇ. ಪಾಲೆಸ್ತೀನದ ಗೋಧಿ ಹೊಲದಲ್ಲಿ ಬೆಳೆಯುತ್ತಿದ್ದ ಆ ಕಳೆ ತೆನೆ ಬರುವವರೆಗೂ ಗೋಧಿಯಂತೆಯೇ ಕಾಣುವ ಹುಲ್ಲು ಎನ್ನುತ್ತಾರೆ ಪಂಡಿತರು. ಆಳುಗಳು ಕೀಳಲು ಹೊರಟರು, ಯಜಮಾನ ತಡೆದ. ಕಳೆ ಒಳ್ಳೆಯದೆಂದು ಅವನು ಹೇಳಲಿಲ್ಲ. ಕೀಳುವವರ ಕಣ್ಣಿನ ಮೇಲೆ, ಕೈಯ ಮೇಲೆ ಅವನಿಗೆ ಭರವಸೆ ಇರಲಿಲ್ಲ. ನಮ್ಮ ರೈತರಿಗೆ ಇದನ್ನು ವಿವರಿಸಬೇಕಾಗಿಲ್ಲ. ಶೇಂಗಾದ ಹೂವಿನಿಂದ ಸೂಜಿಯಂಥ ಕಡ್ಡಿ ಇಳಿದು ಮಣ್ಣು ಸೇರಿದ ಮೇಲೆ ಯಾರೂ ಆ ಹೊಲಕ್ಕೆ ಕುಂಟೆ ಹಾಕುವುದಿಲ್ಲ. ಕಳೆ ಎಷ್ಟೇ ಕಣ್ಣಿಗೆ ಚುಚ್ಚಿದರೂ ಕೈ ಕಟ್ಟಿ ನಿಲ್ಲುತ್ತಾರೆ. ಮಣ್ಣಿನೊಳಗೆ ಕಾಯಿ ಕಟ್ಟುತ್ತಿರುತ್ತದೆ. ಅದು ಮೇಲಿನಿಂದ ಕಾಣುವುದಿಲ್ಲ.

ಈ ಮಾತಿಗೆ ಒಂದು ಗಟ್ಟಿಯಾದ ಆಕ್ಷೇಪಣೆ ಇದೆ, ಅದನ್ನು ಬಿಟ್ಟು ಮುಂದೆ ಹೋಗುವುದು ಸರಿಯಲ್ಲ. ಪಾರ್ಥೇನಿಯಂ ಗಿಡವನ್ನು ನೋಡಿ. 1950ರ ದಶಕದಲ್ಲಿ ಪುಣೆಯಲ್ಲಿ ಕಾಣಿಸಿಕೊಂಡು ದೇಶವೆಲ್ಲ ಹಬ್ಬಿದ ಈ ಗಿಡ ಚರ್ಮಕ್ಕೂ ಉಸಿರಿಗೂ ಕೆಟ್ಟದ್ದು. ಒಂದೊಂದು ಗಿಡ ಸಾವಿರಾರು ಬೀಜ ಉದುರಿಸುತ್ತದೆ. ಅದನ್ನು ಹೂ ಬಿಡುವ ಮೊದಲೇ, ಕೈಗೆ ಚೀಲ ಸುತ್ತಿಕೊಂಡು, ಬೇರುಸಹಿತ ಕಿತ್ತು ಹಾಕಬೇಕು. ‘ಫಲ ಬರಲಿ, ಆಮೇಲೆ ನೋಡೋಣ’ ಎಂದರೆ ಹೊಲ ಹೋಯಿತು. ಹಾಗಿರುವಾಗ ತಾಳ್ಮೆ ಎಲ್ಲ ಕಡೆಗೂ ಒಳ್ಳೆಯದೇ? ಕಾಯುವುದು ಕೆಲವೊಮ್ಮೆ ಹೇಡಿತನವಲ್ಲವೇ?

ಆಕ್ಷೇಪಣೆಯಲ್ಲಿ ಸತ್ಯವಿದೆ. ಆದರೆ ಎಳೆಯ ಪಾರ್ಥೇನಿಯಂ ಗಿಡವನ್ನು ಎಲೆಯಲ್ಲೇ ಗುರುತಿಸಲು ನಮಗೆ ಹೇಗೆ ಸಾಧ್ಯವಾಯಿತು? ನಮಗಿಂತ ಮೊದಲಿನವರು ಅದನ್ನು ಎಲೆಯಲ್ಲಿ, ಹೂವಿನಲ್ಲಿ, ಬೀಜದಲ್ಲಿ, ಎಲ್ಲ ಋತುಗಳಲ್ಲಿ ನೋಡಿ ತಿಳಿದುಕೊಂಡಿದ್ದರು. ಒಂದು ಗಿಡ ಮಾಡಿದ್ದನ್ನೇ ಅದೇ ಬಗೆಯ ಮುಂದಿನ ಗಿಡವೂ ಮಾಡುತ್ತದೆ. ಆದ್ದರಿಂದ ಇವತ್ತು ಕೀಳುವ ನನ್ನ ಕೈ ಬೇರೆಯವರ ತಾಳ್ಮೆಯ ಸಾಲದಲ್ಲಿ ಕೆಲಸ ಮಾಡುತ್ತದೆ. ಮನುಷ್ಯನ ವಿಷಯದಲ್ಲಿ ಈ ಸಾಲ ಹುಟ್ಟುವುದಿಲ್ಲ. ಅವನಪ್ಪ ಕುಡಿಯುತ್ತಿದ್ದ ಎಂಬುದರಿಂದ ಅವನು ತಿಳಿಯುವುದಿಲ್ಲ. ಅವನ ಅಣ್ಣ ಓದು ಬಿಟ್ಟ ಎಂಬುದರಿಂದ ಅವನು ತಿಳಿಯುವುದಿಲ್ಲ. ಅವನಂಥ ಇನ್ನೊಂದು ಮಾದರಿ ಎಲ್ಲಿಯೂ ಇಲ್ಲ.

ಕನ್ನಡದಲ್ಲಿ ‘ಜಾತಿ’ ಎಂಬ ಒಂದೇ ಮಾತನ್ನು ಗಿಡಕ್ಕೂ ಬಳಸುತ್ತೇವೆ, ಮನುಷ್ಯರಿಗೂ ಬಳಸುತ್ತೇವೆ. ‘ಇದು ಯಾವ ಜಾತಿಯ ಗಿಡ?’ ಎಂದು ಕೇಳಿದರೆ ಅದು ವಿಜ್ಞಾನ. ಉತ್ತರ ಸಿಕ್ಕರೆ ಗಿಡದ ಬಗ್ಗೆ ಬಹಳಷ್ಟು ತಿಳಿಯುತ್ತದೆ. ‘ಇವನು ಯಾವ ಜಾತಿಯ ಹುಡುಗ?’ ಎಂದು ಕೇಳಿದವರಿಗೂ ಉತ್ತರ ಸಿಕ್ಕಿದ ಮೇಲೆ ಎಲ್ಲ ತಿಳಿದ ಹಾಗೆ ಸಮಾಧಾನವಾಗುತ್ತದೆ. ತಪ್ಪು ಇರುವುದು ಅಲ್ಲೇ. ಒಬ್ಬನನ್ನು ಒಂದು ಗುಂಪಿನ ಮಾದರಿಯಾಗಿ ನೋಡಿದ ಕ್ಷಣದಲ್ಲಿ ಅವನನ್ನು ನೋಡುವುದು ನಿಂತುಹೋಯಿತು. ಬಲಿಪೀಠದ ಮುಂದೆ ಒಂದೇ ರೊಟ್ಟಿಯಲ್ಲಿ ಪಾಲು ಪಡೆಯುವ ನಮ್ಮ ನಡುವೆಯೂ ಈ ಪ್ರಶ್ನೆ ಕೇಳಿಬರುತ್ತದೆ ಎಂಬುದನ್ನು ಯಾರೂ ಅಲ್ಲಗಳೆಯಲಾರರು.

ಗಡಿಯ ಕನ್ನಡಿಗರಾದ ನಮಗೆ ತಪ್ಪು ಹೆಸರಿನ ಭಾರ ಗೊತ್ತಿರಬೇಕು. 1953ರ ಅಕ್ಟೋಬರ್ 1ರಂದು ಹಳೆಯ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ನಮ್ಮ ಅಜ್ಜಂದಿರು ಮನೆ ಬಿಟ್ಟು ಎಲ್ಲಿಗೂ ಹೋಗಲಿಲ್ಲ, ಗೆರೆ ಸರಿಯಿತು. ಆದರೂ ಇಲ್ಲಿ ಕೆಲವರಿಗೆ ನಾವು ‘ಆ ಕಡೆಯವರು’, ಬಳ್ಳಾರಿಯಲ್ಲಿ ಕೆಲವರಿಗೆ ‘ತೆಲುಗಿನವರು’. ಗಿಡಗಳಿಗೂ ಹೀಗೆ ಆಗಿದೆ. ಅಮೆರಿಕ ಖಂಡದಿಂದ ಬಂದ ಜಾಲಿಯನ್ನು ನಾವು ಬಳ್ಳಾರಿ ಜಾಲಿ ಎನ್ನುತ್ತೇವೆ, ತೆಲುಗಿನವರು ಸರ್ಕಾರ್ ತುಮ್ಮ ಎನ್ನುತ್ತಾರೆ. ಬಳ್ಳಾರಿಗೂ ಸರ್ಕಾರಕ್ಕೂ ಅದು ಹುಟ್ಟಿದ ಕೂಸಲ್ಲ! ಅದೇ ಪಾರ್ಥೇನಿಯಂಗೆ ತೆಲುಗಿನಲ್ಲಿ ವಯ್ಯಾರಿಭಾಮ ಎಂಬ ಚೆಲುವೆಯ ಹೆಸರು. ಹೆಸರು ಬಾಯಿಗೆ ಎಷ್ಟು ಸಲೀಸಾಗಿ ಬಂದರೂ ಅದು ಸತ್ಯದ ಸಾಕ್ಷಿಯಲ್ಲ.

ಹಾಗಾದರೆ ಕೆಟ್ಟದ್ದನ್ನು ಕಂಡಾಗ ಸುಮ್ಮನಿರಬೇಕೇ? ಇಲ್ಲ. ಒಂದು ಮಗುವಿಗೆ ಹಾನಿಯಾಗುತ್ತಿದೆ, ಒಬ್ಬ ಹೆಣ್ಣುಮಗಳಿಗೆ ಮನೆಯಲ್ಲಿ ಹೊಡೆತ ಬೀಳುತ್ತಿದೆ, ಸಂಘದ ಹಣ ಕಾಣೆಯಾಗುತ್ತಿದೆ ಎಂದರೆ ಆ ದಿನವೇ ತಡೆಯಬೇಕು, ಹೇಳಬೇಕಾದವರಿಗೆ ಹೇಳಬೇಕು. ಅಲ್ಲಿ ಸುಗ್ಗಿಯವರೆಗೆ ಕಾಯೋಣ ಎನ್ನುವುದು ಸಾಮತಿಯ ದುರುಪಯೋಗ. ಕೃತ್ಯವನ್ನು ಕೃತ್ಯವೆಂದು ಹೆಸರಿಸಲು ಒಂದು ದಿನ ಸಾಕು, ಅದು ಕಣ್ಣೆದುರೇ ಇದೆ. ಆದರೆ ಅದನ್ನು ಮಾಡಿದವನ ಇಡೀ ಬಾಳಿಗೆ ಹೆಸರಿಡಲು ನಮಗೆ ಎಲ್ಲ ಋತುಗಳೂ ಕಂಡಿರುವುದಿಲ್ಲ, ಕಾಣುವುದೂ ಇಲ್ಲ. ಸುಗ್ಗಿಯ ಕುಡುಗೋಲು ದೇವದೂತರ ಕೈಯಲ್ಲಿದೆ ಎಂದು ಯೇಸುಸ್ವಾಮಿಯೇ ಆ ಸಾಮತಿಯನ್ನು ಬಿಡಿಸಿ ಹೇಳಿದರು.

ಜಕ್ಕಾಯನ ಕಥೆಯನ್ನು ಈ ಕಣ್ಣಿನಿಂದ ಮತ್ತೊಮ್ಮೆ ಓದಿ. ಜೆರಿಕೋ ಊರಿನವರಿಗೆ ಅವನು ಸುಂಕದವನು, ಪಾಪಿ: ಎರಡೂ ಅನ್ವರ್ಥನಾಮಗಳು, ಸುಳ್ಳೂ ಅಲ್ಲ. ಯೇಸುಸ್ವಾಮಿ ಮರದ ಕೆಳಗೆ ನಿಂತು ತಲೆಯೆತ್ತಿ ಅವನನ್ನು ಅಂಕಿತನಾಮದಿಂದ ಕರೆದರು. ದೀಕ್ಷಾಸ್ನಾನದ ವಿಧಿಯಲ್ಲಿ ಗುರುಗಳು ತಂದೆತಾಯಿಗಳನ್ನು ಮೊದಲು ಕೇಳುವುದೂ ಮಗುವಿನ ಹೆಸರನ್ನೇ. ಯಾವ ಮನೆತನ, ಎಂಥ ಸ್ವಭಾವ, ಮುಂದೆ ಏನಾಗುತ್ತದೆ ಎಂದು ಧರ್ಮಸಭೆ ಅಲ್ಲಿ ಕೇಳುವುದಿಲ್ಲ. ಆ ಹೆಸರನ್ನು ಉಳಿಸಿಕೊಡುವುದು ಅಲ್ಲಿ ನಿಂತಿದ್ದ ನಮ್ಮೆಲ್ಲರ ಹೊಣೆ.

ಗಿಡ ಗುರುತಿಸುವವರ ಟಿಪ್ಪಣಿ ಪುಸ್ತಕದಿಂದ ನಾವು ಒಂದು ಅಭ್ಯಾಸ ಕಲಿಯಬಹುದು. ಅದರಲ್ಲಿ ‘ಕೆಟ್ಟ ಗಿಡ’, ‘ಕೆಲಸಕ್ಕೆ ಬಾರದ ಗಿಡ’ ಎಂದು ಬರೆದಿರುವುದಿಲ್ಲ. ದಿನಾಂಕ ಇರುತ್ತದೆ, ಸ್ಥಳ ಇರುತ್ತದೆ, ಕಂಡದ್ದು ಇರುತ್ತದೆ, ಕಾಣಬೇಕಾದದ್ದಕ್ಕೆ ಜಾಗ ಖಾಲಿ ಇರುತ್ತದೆ. ಈ ವರ್ಷದಿಂದ ನಮ್ಮ ಹಾಜರಿ ಪುಸ್ತಕದಲ್ಲಿ ‘ನಿಷ್ಕ್ರಿಯ’ ಎಂಬ ಕಾಲಂ ತೆಗೆದು ಎರಡು ಹೊಸ ಕಾಲಂ ಹಾಕಿದ್ದೇವೆ: ಯಾವ ತಿಂಗಳಿಂದ ಕಂಡಿಲ್ಲ, ಹೋಗಿ ವಿಚಾರಿಸಿದವರು ಯಾರು. ಎರಡನೆಯ ಕಾಲಂನಲ್ಲಿ ಖಾಲಿ ಉಳಿದ ಸಾಲು ಬಾರದವನ ತಪ್ಪಲ್ಲ, ನಮ್ಮದು. ಕೆಲಸಕ್ಕೆಂದು ದೂರ ಹೋಗಿರುವ ನಿಮ್ಮ ಮನೆಯ ಮಕ್ಕಳ ಫೋನ್ ನಂಬರನ್ನು ದಯವಿಟ್ಟು ನಮಗೆ ಕೊಡಿ. ಭಾನುವಾರ ಬಲಿಪೂಜೆ ಮುಗಿದ ಮೇಲೆ ಗುಡಿಯ ಬಾಗಿಲಲ್ಲೇ ಪುಸ್ತಕ ಇಟ್ಟುಕೊಂಡಿರುತ್ತೇವೆ. ಅವರಿಗೆ ಹೇಳುವುದಕ್ಕೆ ದೊಡ್ಡ ಮಾತೇನೂ ಇಲ್ಲ. ಹೆಸರು ಹಿಡಿದು ಕರೆದು ‘ಹೇಗಿದ್ದೀಯಪ್ಪ’, ‘ಹೇಗಿದ್ದೀಯಮ್ಮ’ ಎಂದು ಕೇಳುತ್ತೇವೆ.